ವೈರಸ್ ಸಿಕ್ಕಿತು ಸರಿ, ಕಾಯಿಲೆಗೆ ಅದೇ ಕಾರಣ ಅಂತ ಹೇಗೆ ಹೇಳುತ್ತಾರೆ?

ತುಂಗಾತೀರ
ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪ ಒಂದು ಉದ್ದದ ಫಾರ್ವರ್ಡ್ ಹಾಕಿದ್ದಾರೆ. ಅದರಲ್ಲಿರುವುದು ಇಷ್ಟು: ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ, ರೋಗಾಣುವಿನಿಂದಲೇ ರೋಗ ಬಂತು ಅಂತ ಸಾಬೀತು ಮಾಡೋಕೆ ನಾಲ್ಕು ಷರತ್ತು ಹಾಕಿದ್ದರು. ಇವತ್ತಿನವರೆಗೆ ಒಂದು ವೈರಸ್ಸೂ ಅದರಲ್ಲಿ ಪಾಸಾಗಿಲ್ಲ. ಆದ್ದರಿಂದ ವೈರಸ್ ಅನ್ನುವುದೇ ಔಷಧಿ ಕಂಪನಿಗಳ ಕಟ್ಟುಕಥೆ.

ಕೊನೆಯ ಮಾತನ್ನು ನಾನು ನಂಬುವುದಿಲ್ಲ. ಆದರೆ ಷರತ್ತುಗಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಬಿಎಸ್ಸಿಯಲ್ಲಿ ಬಾಯಿಪಾಠ ಮಾಡಿ ಬರೆದಿದ್ದು ಬಿಟ್ಟರೆ ಏನೂ ನೆನಪಿಲ್ಲ. ಚಿಕ್ಕಪ್ಪ ಬ್ಯಾಂಕಿನಲ್ಲಿದ್ದವರು, 'ದಾಖಲೆ ತೋರಿಸು' ಅನ್ನುತ್ತಾರೆ. ಬೈಯದೆ ಉತ್ತರ ಹೇಳುವವರು ಯಾರಾದರೂ ಇದ್ದೀರಾ?

ಪೆಟ್ರಿತಟ್ಟೆ
ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಪ್ರಯತ್ನ ಮಾಡುತ್ತೇನೆ.

ಮೊದಲು ಆ ಷರತ್ತುಗಳು. ಕಾಯಿಲೆ ಇರುವ ಪ್ರತಿಯೊಬ್ಬರಲ್ಲೂ ಆ ಜೀವಾಣು ಸಿಗಬೇಕು, ಆರೋಗ್ಯವಾಗಿರುವವರಲ್ಲಿ ಸಿಗಬಾರದು. ಅದನ್ನು ಮೈಯಿಂದ ಹೊರತೆಗೆದು ಕಲಬೆರಕೆ ಇಲ್ಲದೆ ಬೆಳೆಸಬೇಕು. ಬೆಳೆಸಿದ್ದನ್ನು ಪ್ರಾಣಿಗೆ ಕೊಟ್ಟರೆ ಅದೇ ಕಾಯಿಲೆ ಬರಬೇಕು. ಆ ಪ್ರಾಣಿಯ ಮೈಯಲ್ಲಿ ಮತ್ತೆ ಅದೇ ಜೀವಾಣು ಸಿಗಬೇಕು. ಆಂಥ್ರಾಕ್ಸ್‌ಗೂ ಕ್ಷಯಕ್ಕೂ ಇದು ಚೆನ್ನಾಗಿ ಹೊಂದಿತು. 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಕಾಕ್ ಕ್ಷಯದ ಬ್ಯಾಕ್ಟೀರಿಯಾ ಬಗ್ಗೆ ಭಾಷಣ ಮಾಡಿದ್ದು ಇದೇ ದಾರಿಯಲ್ಲಿ.

ಚಿಕ್ಕಪ್ಪನವರ ಫಾರ್ವರ್ಡ್ ಬಿಟ್ಟಿರುವ ಸಂಗತಿ ಏನೆಂದರೆ, ಈ ಷರತ್ತುಗಳಲ್ಲಿ ಮೊದಲು ಎಡವಿದ್ದು ಸ್ವತಃ ಕಾಕ್. ಮರುವರ್ಷವೇ ಅವರು ಕಾಲರಾ ಬೆನ್ನು ಹತ್ತಿ ಈಜಿಪ್ಟಿಗೆ, ಅಲ್ಲಿಂದ ಕಲ್ಕತ್ತಾಕ್ಕೆ ಬಂದರು. ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾ ಕಾಲರಾ ರೋಗಿಗಳಲ್ಲೆಲ್ಲ ಸಿಕ್ಕಿತು, ಬೆಳೆಸಿದ್ದೂ ಆಯಿತು. ಆದರೆ ಯಾವ ಪ್ರಾಣಿಗೆ ಕೊಟ್ಟರೂ ಕಾಲರಾ ಬರಲಿಲ್ಲ. ಮುಂದೆ, ಆರೋಗ್ಯವಾಗಿ ಓಡಾಡುವವರ ಮಲದಲ್ಲೂ ಅದೇ ಬ್ಯಾಕ್ಟೀರಿಯಾ ಸಿಗತೊಡಗಿತು. ಅಲ್ಲಿಗೆ ಮೊದಲನೆಯದೂ ಮೂರನೆಯದೂ ಹೋಯಿತು. ಕಾಕ್ ಏನು ಮಾಡಿದರು? ಕಾಲರಾಕ್ಕೆ ಕಾರಣ ಇದೇ ಅಂತ ಗಟ್ಟಿಯಾಗಿ ಹೇಳುತ್ತಲೇ ಇದ್ದರು. ಅವರು ಸರಿಯಾಗಿಯೇ ಹೇಳಿದ್ದರು.

ಇನ್ನು ವೈರಸ್ ವಿಚಾರ. ಅದು ಜೀವಕೋಶದ ಹೊರಗೆ ಬೆಳೆಯುವುದೇ ಇಲ್ಲ. ಬ್ಯಾಕ್ಟೀರಿಯಾ ತರಹ ತಟ್ಟೆಯಲ್ಲಿ ಅದೊಂದನ್ನೇ ಬೆಳೆಸಿ ತೋರಿಸು ಅಂದರೆ ಯಾರು ತಾನೇ ತೋರಿಸುತ್ತಾರೆ? 1937ರಲ್ಲೇ ಥಾಮಸ್ ರಿವರ್ಸ್ ಎಂಬ ಅಮೆರಿಕನ್ ವೈರಾಲಜಿಸ್ಟ್, ವೈರಸ್‌ಗಳಿಗೆ ಈ ಷರತ್ತುಗಳನ್ನು ತಿದ್ದಲೇಬೇಕು ಅಂತ ಬರೆದರು.

ಗುಮಾನಿ_ಗುಂಡ
ಒಂದು ನಿಮಿಷ. ನಾನು ಚಿಕ್ಕಪ್ಪನ ಪಾರ್ಟಿ ಅಲ್ಲ. ಆದರೂ ಕೇಳುತ್ತೇನೆ. ಪರೀಕ್ಷೆಯಲ್ಲಿ ಫೇಲಾದ ಮೇಲೆ ಪ್ರಶ್ನೆಪತ್ರಿಕೆಯನ್ನೇ ಬದಲಾಯಿಸಿದ ಹಾಗಾಯಿತಲ್ಲ ಇದು?

ಮ್ಯೂನಿಕ್‌ನ ನೈರ್ಮಲ್ಯ ತಜ್ಞ ಪೆಟೆನ್‌ಕೋಫರ್ ಕೂಡ ಇದನ್ನೇ ಕೇಳಿದ್ದು. ಕಾಲರಾಕ್ಕೆ ಬ್ಯಾಕ್ಟೀರಿಯಾ ಒಂದೇ ಸಾಲದು, ಆ ಜಾಗದ ನೆಲವೂ ಅಂತರ್ಜಲವೂ ಸೇರಬೇಕು ಅನ್ನುವುದು ಅವರ ವಾದ. 1892ರ ಅಕ್ಟೋಬರ್‌ನಲ್ಲಿ, 73ನೇ ವಯಸ್ಸಿನಲ್ಲಿ, ಹೊಟ್ಟೆಯ ಆಸಿಡ್ ಅಡ್ಡ ಬರಬಾರದು ಅಂತ ಸೋಡಾ ಬೆರೆಸಿಕೊಂಡು, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ್ದ ರಸವನ್ನು ಗಟಗಟ ಕುಡಿದರು. ಸ್ವಲ್ಪ ಭೇದಿ ಆಯಿತು, ಅಷ್ಟೇ. ಮುದುಕ ಆರಾಮಾಗಿ ಉಳಿದರು.

ಪೆಟ್ರಿತಟ್ಟೆ
ಹೌದು, ಆದರೆ ಅವರ ಶಿಷ್ಯ ಎಮ್ಮೆರಿಕ್ ಕೂಡ ಕುಡಿದರು, ಅವರಿಗೆ ಭೇದಿ ಜೋರಾಗಿಯೇ ಹಿಡಿಯಿತು. ಇಬ್ಬರ ಮಲದಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು. ಒಬ್ಬರು ಕುಡಿದು ಬದುಕಿದ ಮಾತ್ರಕ್ಕೆ ಅದು ಕಾರಣ ಅಲ್ಲ ಅಂತ ಹೇಳಲಾಗುವುದಿಲ್ಲ, ಒಬ್ಬರು ಕುಡಿದು ಸತ್ತ ಮಾತ್ರಕ್ಕೆ ಅದೇ ಕಾರಣ ಅಂತಲೂ ಹೇಳಲಾಗುವುದಿಲ್ಲ.

ಅದೇ 1892ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಾಲರಾಕ್ಕೆ 8,600ರಷ್ಟು ಜನ ಸತ್ತರು. ಪಕ್ಕದಲ್ಲೇ ಅಂಟಿಕೊಂಡಿದ್ದ ಊರು ಆಲ್ಟೋನಾ. ಎರಡಕ್ಕೂ ಎಲ್ಬೆ ನದಿಯದೇ ನೀರು. ಆಲ್ಟೋನಾದವರು ಮರಳಿನಲ್ಲಿ ಸೋಸಿ ಕೊಡುತ್ತಿದ್ದರು, ಹ್ಯಾಂಬರ್ಗ್‌ನವರು ಹಾಗೇ ಬಿಡುತ್ತಿದ್ದರು. ಗಡಿಯ ರಸ್ತೆಯ ಒಂದು ಬದಿಗೆ ಕಾಲರಾ, ಇನ್ನೊಂದು ಬದಿಯಲ್ಲಿ ಹೆಚ್ಚುಕಡಿಮೆ ಇಲ್ಲ. ನೆಲ ಎರಡು ಬದಿಗೂ ಒಂದೇ, ಅಲ್ವಾ? ಪೆಟೆನ್‌ಕೋಫರ್ ಕುಡಿದ ಲೋಟಕ್ಕಿಂತ ಈ ರಸ್ತೆ ದೊಡ್ಡ ಸಾಕ್ಷಿ.

ಪ್ರಾಣಿಯ ಷರತ್ತು ಪೂರೈಸಿದ್ದು ಎಷ್ಟೋ ವರ್ಷ ಆದ ಮೇಲೆ, ಅದೂ ಕಲ್ಕತ್ತಾದಲ್ಲೇ. ಅಲ್ಲಿನ ಸಂಶೋಧಕ ಶಂಭುನಾಥ ಡೇ ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಆ ಜಾಗಕ್ಕೆ ಮಾತ್ರ ಬ್ಯಾಕ್ಟೀರಿಯಾ ಚುಚ್ಚಿದರು. ಕಟ್ಟಿದ ಭಾಗ ನೀರು ತುಂಬಿ ಉಬ್ಬಿತು. 1959ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದು ಬರೀ ರಸ ಹಾಕಿದರು. ಆಗಲೂ ಉಬ್ಬಿತು. ಅಂದರೆ ಭೇದಿ ಮಾಡಿಸುವುದು ಬ್ಯಾಕ್ಟೀರಿಯಾ ಬಿಡುವ ವಿಷ. ಕಾಕ್ ಕಲ್ಕತ್ತಾದಿಂದ ಹೋಗಿ ಆಗಲೇ 75 ವರ್ಷ. ನಮ್ಮ ಪಠ್ಯದಲ್ಲಿ ಕಾಕ್ ಬಗ್ಗೆ ಎರಡು ಪುಟ, ಡೇ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕಾನುಮನೆ
ಸೊರಬ ಕಡೆಯವನು ನಾನು. ವೈರಸ್ ಬಗ್ಗೆ ದಾಖಲೆ ಬೇಕು ಅನ್ನುವ ಚಿಕ್ಕಪ್ಪನಿಗೆ ನಮ್ಮ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ಕತೆ ಹೇಳಿ. ದೂರದ ಜರ್ಮನಿ ಯಾಕೆ?

1957. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಮುಸುವವೂ ಸಾಯುತ್ತಿತ್ತು, ಕೆಂಪು ಮೂತಿಯದೂ ಸಾಯುತ್ತಿತ್ತು. ಅದರ ಜೊತೆಗೇ ಸುತ್ತಲಿನ ಹಳ್ಳಿಯವರಿಗೆ ಜೋರು ಜ್ವರ, ಮೈಕೈ ನೋವು, ಕೆಲವರಿಗೆ ಮೂಗು ಬಾಯಲ್ಲಿ ರಕ್ತ. ಮೊದಲು ಟೈಫಾಯಿಡ್ ಇರಬೇಕು ಅಂದುಕೊಂಡರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೋ ಅವರ ತಂಡ, ಬಂದಾಗ ಅವರಿಗಿದ್ದ ಭಯವೇ ಬೇರೆ. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗ ಸತ್ತರೆ ಹಳದಿ ಜ್ವರ ಬಂತು ಅಂತ ಲೆಕ್ಕ. ಭಾರತಕ್ಕೆ ಅದು ಯಾವತ್ತೂ ಬಂದಿರಲಿಲ್ಲ. ಬಂದುಬಿಟ್ಟಿತಾ ಅನ್ನುವ ಆತಂಕ.

ಅವರು ಮಾಡಿದ್ದನ್ನು ನೋಡಿ. ಜ್ವರದವರ ರಕ್ತ ತೆಗೆದರು. ಸತ್ತ ಮಂಗಗಳ ಅಂಗಾಂಗ ತೆಗೆದರು. ಕಾಡಿನ ಉಣುಗು ಹಿಡಿದರು. ಒಂದೊಂದನ್ನೂ ಪುಟ್ಟ ಇಲಿಮರಿಗಳ ಮಿದುಳಿಗೆ ಚುಚ್ಚಿದರು. ಮನುಷ್ಯರಿಂದಲೂ ಮಂಗದಿಂದಲೂ ಉಣುಗಿನಿಂದಲೂ ಸಿಕ್ಕಿದ್ದು ಒಂದೇ ವೈರಸ್. ಹಳದಿ ಜ್ವರದ್ದಲ್ಲ, ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಒಂದು ಮಿದುಳು ಜ್ವರದ ವೈರಸ್‌ನ ಸಂಬಂಧಿ. ಜ್ವರ ವಾಸಿಯಾದವರ ರಕ್ತದಲ್ಲಿ ಅದೇ ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಸಿಕ್ಕಿತು. ಸಾಕಾಗಲಿಲ್ಲ ಅಂದರೆ ಇನ್ನೊಂದಿದೆ: ಆ ವೈರಸ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಲ್ಯಾಬಿನವರಿಗೂ ಅದೇ ಜ್ವರ ಬಂತು. ಅವರು ಸೊರಬದ ಕಾಡಿನಲ್ಲಿ ಸೌದೆ ತರಲು ಹೋಗಿದ್ದವರಲ್ಲ.

ತುಂಗಾತೀರ
ಲ್ಯಾಬಿನವರ ಸಂಗತಿ ಗೊತ್ತೇ ಇರಲಿಲ್ಲ! ನಮ್ಮ ಅಜ್ಜಿ ಮನೆ ತೀರ್ಥಹಳ್ಳಿ ಹತ್ತಿರ. ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಆಶಾ ಕಾರ್ಯಕರ್ತೆಯರು ಬಾಟಲಿ ಕೊಟ್ಟು ಹೋಗುತ್ತಾರೆ.

ಕಾನುಮನೆ
ಉಣುಗು ಕಚ್ಚದ ಹಾಗೆ ತಡೆಯುವ ಡೆಪಾ ಎಣ್ಣೆ. ಹಚ್ಚಿಕೊಳ್ಳಲು ಹೇಳಿ, ಸುಮ್ನೆ ಅಟ್ಟದ ಮೇಲೆ ಇಡುವುದು ಬೇಡ.

ಗುಮಾನಿ_ಗುಂಡ
ಕ್ಯಾಸನೂರಿನದು ಒಪ್ಪಿದೆ. ಆದರೆ ರೋಗಿಯಲ್ಲಿ ಸಿಕ್ಕಿತು, ಹಾಗಾಗಿ ಅದೇ ಕಾರಣ ಅನ್ನುವ ಚಾಳಿಯಿಂದ ಎಷ್ಟು ಅನಾಹುತ ಆಗಿದೆ ಅಂತಲೂ ಹೇಳಬೇಕು. ಜಾತ್ರೆಯಲ್ಲಿ ಜೇಬು ಕತ್ತರಿಸಿದರೆ ಅಲ್ಲಿದ್ದವರೆಲ್ಲ ಕಳ್ಳರಾ?

1892ರಲ್ಲೇ (ಆ ವರ್ಷ ಏನಾಗಿತ್ತೋ!) ಕಾಕ್ ಅವರ ಶಿಷ್ಯ ರಿಚರ್ಡ್ ಫೈಫರ್, ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾ ಕಂಡು, ಇದೇ ಫ್ಲೂ ತರುವುದು ಅಂದರು. ದೊಡ್ಡ ಲ್ಯಾಬು, ದೊಡ್ಡ ಹೆಸರು, ಎಲ್ಲರೂ ಒಪ್ಪಿದರು. 1918ರ ಮಹಾಮಾರಿ ಬಂದಾಗ ಎಲ್ಲರೂ ಅದನ್ನೇ ಹುಡುಕಿದರು. ಕೆಲವು ಕಡೆ ಸಿಕ್ಕಿತು, ಕೆಲವು ಕಡೆ ಸಿಗಲಿಲ್ಲ. ಸಿಗದಿದ್ದರೆ ಲ್ಯಾಬಿನವರಿಗೆ ಬೆಳೆಸಲು ಬರಲಿಲ್ಲ ಅಂದರು! ಅದರ ಮೇಲೆ ಲಸಿಕೆ ಕೂಡ ತಯಾರಿಸಿ ಜನರಿಗೆ ಚುಚ್ಚಿದರು. ಫ್ಲೂಗೆ ಕಾರಣ ವೈರಸ್ ಅಂತ ತೋರಿಸಿದ್ದು 1933ರಲ್ಲಿ ಲಂಡನ್ನಿನಲ್ಲಿ.

ಪೆಟ್ರಿತಟ್ಟೆ
ಇದು ಪೂರ್ತಿ ನಿಜ. ಆ ಬ್ಯಾಕ್ಟೀರಿಯಾ ಈಗಲೂ 'ಇನ್‌ಫ್ಲುಯೆಂಜಾ' ಅನ್ನುವ ಹೆಸರು ಹೊತ್ತುಕೊಂಡೇ ಇದೆ, ನಮ್ಮ ರಿಪೋರ್ಟಿನಲ್ಲಿ ನೋಡಿ ಹೊಸ ಡಾಕ್ಟರುಗಳು ಗಲಿಬಿಲಿ ಆಗುತ್ತಾರೆ. ಅದು ಫ್ಲೂ ಬಂದು ಸುಸ್ತಾದ ಶ್ವಾಸಕೋಶಕ್ಕೆ ಆಮೇಲೆ ನುಗ್ಗುತ್ತದೆ. ಸಿಕ್ಕಿದ್ದು ಸುಳ್ಳಲ್ಲ, ಯಾವುದು ಮೊದಲು ಬಂತು ಅನ್ನುವುದು ತಪ್ಪಾಗಿತ್ತು.

1933ರಲ್ಲಿ ಮಾಡಿದ್ದು ಹೀಗೆ. ರೋಗಿಯ ಗಂಟಲು ತೊಳೆದ ನೀರನ್ನು, ಬ್ಯಾಕ್ಟೀರಿಯಾ ದಾಟಲಾಗದ ಜರಡಿಯಲ್ಲಿ ಸೋಸಿದರು. ಸೋಸಿದ ನೀರನ್ನು ಫೆರೆಟ್ ಎಂಬ ಮುಂಗುಸಿ ಗಾತ್ರದ ಪ್ರಾಣಿಯ ಮೂಗಿಗೆ ಬಿಟ್ಟರು. ಅದಕ್ಕೆ ಜ್ವರ ಬಂತು, ಸೀನು ಬಂತು. ಆಮೇಲೆ ಕಾಯಿಲೆ ಬಿದ್ದ ಒಂದು ಫೆರೆಟ್ ಅಲ್ಲಿನ ಸಂಶೋಧಕರೊಬ್ಬರ ಮುಖಕ್ಕೇ ಸೀನಿತು, ಅವರಿಗೂ ಫ್ಲೂ ಬಂತು.

ನನ್ನ ದಿನನಿತ್ಯದ ತಲೆನೋವೂ ಇದೇ. ಜ್ವರ ಇರುವವರ ರಕ್ತ ಕಲ್ಚರ್ ಬಾಟಲಿಯಲ್ಲಿ ಬರುತ್ತದೆ. ಎರಡನೇ ದಿನ ಮೆಷಿನ್ ಕೂಗುತ್ತದೆ. ಸ್ಲೈಡಿಗೆ ಬಣ್ಣ ಹಾಕಿ ನೋಡಿದರೆ ಗೊಂಚಲು ಗೊಂಚಲಾಗಿ ನೀಲಿ ದುಂಡು ಬ್ಯಾಕ್ಟೀರಿಯಾ. ವಾರ್ಡಿನಿಂದ ಫೋನು: 'ಏನು ಬಂತು, ಶುರು ಮಾಡಲಾ?' ನಮ್ಮೆಲ್ಲರ ಚರ್ಮದ ಮೇಲೂ ಇಂಥ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಚುಚ್ಚುವಾಗ ಸ್ಪಿರಿಟ್ ಒಣಗಲು ಬಿಡದಿದ್ದರೆ ಅದೇ ಬಾಟಲಿಗೆ ಬಂದಿರುತ್ತದೆ. ಅದಕ್ಕೇ ಎರಡು ಕೈಯಿಂದ ಬೇರೆ ಬೇರೆಯಾಗಿ ತೆಗೆಯಿರಿ ಅನ್ನುವುದು. ಎರಡರಲ್ಲೂ ಒಂದೇ ಬಂದರೆ ನಂಬಬಹುದು. ಒಂದರಲ್ಲಿ ಮಾತ್ರ, ಅದೂ ತಡವಾಗಿ ಬಂದರೆ, ಹೆಚ್ಚಾಗಿ ಚರ್ಮದ್ದು. ಆದರೆ ರೋಗಿಗೆ ಹೃದಯದ ಕೃತಕ ಕವಾಟ ಇದ್ದರೆ? ಆಗ ಇದೇ ಬ್ಯಾಕ್ಟೀರಿಯಾ ಪ್ರಾಣಕ್ಕೆ ಕುತ್ತು. ಬಾಟಲಿ ನೋಡಿ ಯಾರೂ ಹೇಳಲಾಗುವುದಿಲ್ಲ, ರೋಗಿಯನ್ನೂ ನೋಡಬೇಕು.

ಅಂಗಳದಮಲ್ಲಿಗೆ
ವಿಡಾಲ್ ರಕ್ತಪರೀಕ್ಷೆ ಬಗ್ಗೆಯೂ ಹೇಳಿ ಮೇಡಂ. ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ವಿಡಾಲ್ ಪಾಸಿಟಿವ್, ಟೈಫಾಯಿಡ್ ಅಂತಲೇ ಬರುತ್ತದೆ.

ಪೆಟ್ರಿತಟ್ಟೆ
ಅದು ಟೈಫಾಯಿಡ್ ಬ್ಯಾಕ್ಟೀರಿಯಾವನ್ನು ನೋಡುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ನೋಡುತ್ತದೆ. ಹಿಂದೆ ಯಾವಾಗಲೋ ಬಂದು ಹೋಗಿದ್ದರೂ ಪಾಸಿಟಿವ್ ಆಗಬಹುದು. ಟೈಫಾಯಿಡ್ ಜಾಸ್ತಿ ಇರುವ ನಮ್ಮಂಥ ಕಡೆ ಒಂದೇ ಒಂದು ವಿಡಾಲ್ ನೋಡಿ ತೀರ್ಮಾನ ಮಾಡುವುದು ಕಷ್ಟ. ಹತ್ತು ದಿನ ಬಿಟ್ಟು ಮತ್ತೆ ರಕ್ತ ತೆಗೆದು, ಅಂಕಿ ನಾಲ್ಕು ಪಟ್ಟು ಏರಿದೆಯಾ ಅಂತ ನೋಡಿದರೆ ಅರ್ಥ ಇದೆ. ಯಾರು ಬರುತ್ತಾರೆ ಹತ್ತು ದಿನ ಬಿಟ್ಟು? ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ ಮಾಡಿಸುವುದು ಒಳ್ಳೆಯದು.

ಬರ್ಗೆನ್_ಬಸ್ಯ
ನಾರ್ವೆಯ ಬರ್ಗೆನ್‌ನಲ್ಲಿದ್ದೇನೆ. ಇಲ್ಲಿ ಹಳೆಯ ಕುಷ್ಠರೋಗ ಆಸ್ಪತ್ರೆಯೊಂದು ಈಗ ಮ್ಯೂಸಿಯಂ. ಸಣ್ಣ ಸಣ್ಣ ಮರದ ಕೋಣೆಗಳು, ಒಳಗೆ ಹೋದರೆ ಮಾತೇ ಬರುವುದಿಲ್ಲ.

1873ರಲ್ಲಿ ಈ ಊರಿನ ಡಾಕ್ಟರ್ ಹ್ಯಾನ್ಸೆನ್, ರೋಗಿಗಳ ಗಂಟುಗಳಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಆಗ ಎಲ್ಲರೂ ಅದು ವಂಶದಿಂದ ಬರುವ ರೋಗ ಅಂತ ನಂಬಿದ್ದರು. ಸಾಬೀತು ಮಾಡಲು ಹ್ಯಾನ್ಸೆನ್ ಹೆಣಗಿದರು. ತಟ್ಟೆಯಲ್ಲಿ ಬೆಳೆಯಲಿಲ್ಲ. ಮೊಲಕ್ಕೆ ಬರಲಿಲ್ಲ. ಕೊನೆಗೆ 1879ರಲ್ಲಿ ಒಂದು ಕೆಟ್ಟ ಕೆಲಸ ಮಾಡಿದರು. ಒಬ್ಬ ಮಹಿಳಾ ರೋಗಿಯ ಕಣ್ಣಿಗೆ, ಅವಳನ್ನು ಕೇಳದೆ, ಇನ್ನೊಬ್ಬರ ಗಂಟಿನ ಅಂಶವನ್ನು ಚುಚ್ಚಿದರು. ಕೇಸಾಯಿತು. 1880ರಲ್ಲಿ ಕೋರ್ಟ್ ತಪ್ಪಿತಸ್ಥ ಅಂದಿತು, ಆಸ್ಪತ್ರೆಯ ಹುದ್ದೆ ಹೋಯಿತು. ಆ ಪ್ರಯೋಗದಿಂದ ಸಾಬೀತಾದದ್ದೂ ಏನೂ ಇಲ್ಲ.

ಆ ಬ್ಯಾಕ್ಟೀರಿಯಾ ಇವತ್ತಿಗೂ ಲ್ಯಾಬಿನ ತಟ್ಟೆಯಲ್ಲಿ ಬೆಳೆದಿಲ್ಲ. 1960ರಲ್ಲಿ ಇಲಿಯ ಪಾದದಲ್ಲಿ ಅಷ್ಟಿಷ್ಟು ಬೆಳೆಸಿದರು, 1971ರಲ್ಲಿ ಅಮೆರಿಕದ ಆರ್ಮಡಿಲೋ ಎಂಬ ಚಿಪ್ಪಿನ ಪ್ರಾಣಿಗೆ ರೋಗ ಬಂತು. ಫಾರ್ವರ್ಡಿನ ಲೆಕ್ಕದಲ್ಲಿ ಕುಷ್ಠವೂ ಕಟ್ಟುಕಥೆ ಆಗಬೇಕು. ಎಂಡಿಟಿ (ಹಲವು ಔಷಧ ಸೇರಿದ ಚಿಕಿತ್ಸೆ) ಮಾತ್ರೆ ತಿಂದು ವಾಸಿಯಾದ ಲಕ್ಷಾಂತರ ಜನ ನಮ್ಮ ದೇಶದಲ್ಲೇ ಇದ್ದಾರೆ.

ಲೆಕ್ಕದಮೇಷ್ಟ್ರು
ಬೇಕೆಂದೇ ಸೋಂಕು ಹಚ್ಚಿ ನೋಡುವುದು ಅನ್ಯಾಯ. ಪ್ರಾಣಿಗೆ ಬರುವುದಿಲ್ಲ. ಇನ್ನೂ ಕಷ್ಟದ್ದು, ರೋಗಾಣು ಬಹುತೇಕ ಎಲ್ಲರಲ್ಲೂ ಇದ್ದರೆ? ಆಗ ಲೆಕ್ಕ ಕೈಹಿಡಿಯುತ್ತದೆ. ನನಗೆ ಬಹಳ ಇಷ್ಟವಾದ ಉದಾಹರಣೆ ಒಂದಿದೆ.

ಎಪ್‌ಸ್ಟೀನ್-ಬಾರ್ ವೈರಸ್. ದೊಡ್ಡವರಲ್ಲಿ ಶೇ 95ರಷ್ಟು ಜನರ ಮೈಯಲ್ಲಿ ಇರುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ, ನರಗಳ ಹೊದಿಕೆ ಹಾಳಾಗುವ ಕಾಯಿಲೆಗೆ ಇದು ಕಾರಣ ಇರಬಹುದಾ ಅಂತ ಬಹಳ ಕಾಲದ ಅನುಮಾನ. ರೋಗಿಗಳಲ್ಲಿ ವೈರಸ್ ಇದೆ ಅಂದರೆ ಏನು ಪ್ರಯೋಜನ? ಪಕ್ಕದ ಮನೆಯವರಲ್ಲೂ ಇದೆ.

ಅಮೆರಿಕದ ಸೇನೆ ತನ್ನ ಸಿಬ್ಬಂದಿಯ ರಕ್ತವನ್ನು ಎಚ್‌ಐವಿ ಪರೀಕ್ಷೆಗೆ ಅಂತ ಆಗಾಗ ತೆಗೆದು, ಉಳಿದದ್ದನ್ನು ಶೀತಲ ಕೋಣೆಯಲ್ಲಿ ಇಡುತ್ತಿತ್ತು. ಹಾರ್ವರ್ಡ್‌ನವರು ಅದನ್ನು ಬಳಸಿಕೊಂಡರು. ಒಂದು ಕೋಟಿಗೂ ಜಾಸ್ತಿ ಜನ. ಅವರಲ್ಲಿ ಮುಂದೆ ಈ ಕಾಯಿಲೆ ಬಂದ 801 ಮಂದಿಯ ಹಳೆಯ ರಕ್ತ ಸಿಕ್ಕಿತು. ಸೇನೆಗೆ ಸೇರಿದ ಹೊಸದರಲ್ಲಿ ಆ 801ರಲ್ಲಿ 35 ಜನರಿಗೆ ಮಾತ್ರ ವೈರಸ್ ಇರಲಿಲ್ಲ. ಇಡೀ ಉತ್ತರ ಇರುವುದು ಈ 35 ಜನರಲ್ಲಿ. ಕಾಯಿಲೆ ಶುರುವಾಗುವ ಮೊದಲು ಅವರಲ್ಲಿ 34 ಜನರಿಗೆ ವೈರಸ್ ತಗುಲಿತ್ತು. ಕಾಯಿಲೆ ಬರದವರಲ್ಲಿ, ಮೊದಲು ವೈರಸ್ ಇಲ್ಲದಿದ್ದವರ ಪೈಕಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮಾತ್ರ ಆಮೇಲೆ ತಗುಲಿತು. ವೈರಸ್ ತಗುಲಿದ ಮೇಲೆ ಅಪಾಯ 32 ಪಟ್ಟು. ಹಾಗೇ ಎಂಜಲಿನಿಂದ ಹರಡುವ ಇನ್ನೊಂದು ವೈರಸ್ ತಗುಲಿದವರಲ್ಲಿ ಅಪಾಯ ಏರಲಿಲ್ಲ. ನರಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್ ಕೂಡ ವೈರಸ್ ಬಂದ ನಂತರವೇ ಏರಿತ್ತು, ಮೊದಲಲ್ಲ. 2022ರ ಜನವರಿಯಲ್ಲಿ ಇದು ಪ್ರಕಟವಾಯಿತು.

ಯಾವುದು ಮೊದಲು ಅನ್ನುವ ಫೈಫರ್ ಸಮಸ್ಯೆಗೆ ಫ್ರಿಜ್ಜಿನಲ್ಲಿದ್ದ ಹಳೇ ರಕ್ತ ಉತ್ತರ ಕೊಟ್ಟಿತು ನೋಡಿ.

ಗುಮಾನಿ_ಗುಂಡ
ಚೆನ್ನಾಗಿದೆ ಮೇಷ್ಟ್ರೇ. ಆದರೆ ಶೇ 95 ಜನರಿಗೆ ವೈರಸ್ ಇದ್ದೂ ಕಾಯಿಲೆ ಬರುವುದು ಎಲ್ಲೋ ಕೆಲವರಿಗೆ. ಹಾಗಾದರೆ ಉಳಿದ ಕಾರಣ ಏನು? ಪೆಟೆನ್‌ಕೋಫರ್ ಹೇಳಿದ್ದರಲ್ಲಿ ಸ್ವಲ್ಪವಾದರೂ ಹುರುಳಿತ್ತು ಅಂತ ಒಪ್ಪಿಕೊಳ್ಳಿ!

ಲೆಕ್ಕದಮೇಷ್ಟ್ರು
ಒಪ್ಪಿದೆ. ಇಲ್ಲದೆ ಬಾರದು ಅನ್ನುವುದು ಬೇರೆ, ಇದ್ದರೆ ಸಾಕು ಅನ್ನುವುದು ಬೇರೆ. ಪೆಟೆನ್‌ಕೋಫರ್ ಇದರಲ್ಲಿ ಅರ್ಧ ಸರಿ. ನೀರು ಸೋಸುವುದು ಮುಖ್ಯವಲ್ಲ ಅಂದದ್ದರಲ್ಲಿ ಪೂರ್ತಿ ತಪ್ಪು, ಅದರ ಬೆಲೆ ದೊಡ್ಡದು.

ಬಿಸಿಬೇಳೆ
ಅಲ್ಸರ್ ಬ್ಯಾಕ್ಟೀರಿಯಾ ಕುಡಿದು ಅಲ್ಸರ್ ಬರಿಸಿಕೊಂಡು ನೊಬೆಲ್ ಹೊಡೆದ ಆಸ್ಟ್ರೇಲಿಯಾದ ಡಾಕ್ಟರನ್ನು ಯಾರೂ ಹೇಳಲಿಲ್ಲವಲ್ಲ.

ಪೆಟ್ರಿತಟ್ಟೆ
ಬ್ಯಾರಿ ಮಾರ್ಷಲ್. 1984ರಲ್ಲಿ ಕುಡಿದದ್ದು ನಿಜ, ಆದರೆ ಅವರಿಗೆ ಅಲ್ಸರ್ ಬರಲಿಲ್ಲ. ಬಂದದ್ದು ಹೊಟ್ಟೆಯ ಒಳಪದರದ ಉರಿಯೂತ. ವಾಂತಿ, ಬಾಯಿ ವಾಸನೆ, ಎಂಡೋಸ್ಕೋಪಿಯಲ್ಲಿ ಬ್ಯಾಕ್ಟೀರಿಯಾ. ಅಲ್ಸರ್‌ಗೆ ಅದೇ ಕಾರಣ ಅಂತ ಜಗತ್ತು ಒಪ್ಪಿದ್ದು ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತೆಗೆದವರಿಗೆ ಅಲ್ಸರ್ ಮತ್ತೆ ಮತ್ತೆ ಬರುವುದು ನಿಂತಾಗ. ಆಸಿಡ್ ಕಡಿಮೆ ಮಾಡುವ ಮಾತ್ರೆ ನಿಲ್ಲಿಸಿದರೆ ಮತ್ತೆ ಬರುತ್ತಿತ್ತು.

ಅವರು ಮತ್ತು ರಾಬಿನ್ ವಾರೆನ್ ಪರ್ತ್‌ನಲ್ಲಿ ಅದನ್ನು ಮೊದಲು ಬೆಳೆಸಿದ ಕತೆಯೂ ಮಜಾ. ತಟ್ಟೆಗಳನ್ನು ಎರಡು ದಿನ ನೋಡಿ ಏನೂ ಬೆಳೆಯಲಿಲ್ಲ ಅಂತ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ಎಸೆಯುವವರಿರಲಿಲ್ಲ. ಐದು ದಿನ ಬಿಟ್ಟು ನೋಡಿದರೆ ಬೆಳೆದಿತ್ತು.

ಕಾನುಮನೆ
ತಿರುಗುಮುರುಗಾದ ಕತೆಯನ್ನೂ ಸೇರಿಸಿ. ನಮ್ಮದೇ ಜಿಲ್ಲೆ, ಸಾಗರ ತಾಲೂಕಿನ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿನವರಿಗೆ ಸೊಂಟ, ಮೊಣಕಾಲಿನ ಕೀಲು ಹಾಳಾಗಿ ನಡೆಯಲಾಗದ ಕಾಯಿಲೆ ಕಂಡಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯಲ್ಲಿ ಸೇರಿ, ಏಡಿ ತಿಂದವರಿಗೆ ಬಂತು ಅಂತ ಮಾತಾಯಿತು. ಕಡೆಗೆ ತಜ್ಞರು ಹೇಳಿದ್ದು ವಂಶವಾಹಿಯಿಂದ ಬರುವ ಮೂಳೆರೋಗ ಅಂತ. ಕುಷ್ಠಕ್ಕೆ ವಂಶ ಅಂದರು, ರೋಗಾಣು ಆಯಿತು. ಇಲ್ಲಿ ಹೊರಗಿನದು ಅಂದರು, ವಂಶವೇ ಆಯಿತು.

ಅಂಗಳದಮಲ್ಲಿಗೆ
ಬಿಹಾರದ ಮುಜಫರ್‌ಪುರದ ಮಕ್ಕಳದೂ ಹೀಗೇ ಅಲ್ವಾ? ಪ್ರತಿ ಬೇಸಿಗೆ ಮಿದುಳು ಜ್ವರ ಅಂತ ಸುದ್ದಿ ಬರುತ್ತಿತ್ತು.

ಪೆಟ್ರಿತಟ್ಟೆ
ಹೌದು. ವರ್ಷಗಟ್ಟಲೆ ವೈರಸ್ ಹುಡುಕಿದರು. ಆದರೆ ಎಷ್ಟೋ ಮಕ್ಕಳಿಗೆ ಜ್ವರವೇ ಇರಲಿಲ್ಲ, ಬೆನ್ನುಹುರಿಯ ನೀರಿನಲ್ಲಿ ಸೋಂಕಿನ ಲಕ್ಷಣ ಇರಲಿಲ್ಲ, ರಕ್ತದ ಸಕ್ಕರೆ ಮಾತ್ರ ಪಾತಾಳಕ್ಕೆ ಇಳಿದಿತ್ತು. ವೆಲ್ಲೂರಿನ ಹಿರಿಯ ವೈರಾಲಜಿಸ್ಟ್ ಟಿ. ಜೇಕಬ್ ಜಾನ್ ಕೂಡ ಇದು ಸೋಂಕಲ್ಲ ಅಂತ ವಾದಿಸಿದ್ದರು. 2017ರಲ್ಲಿ ಪ್ರಕಟವಾದ ಅಧ್ಯಯನ ಲಿಚಿ ಹಣ್ಣಿನಲ್ಲಿರುವ ವಿಷ, ಜೊತೆಗೆ ರಾತ್ರಿ ಊಟ ಇಲ್ಲದೆ ಮಲಗಿದ್ದು, ಎರಡನ್ನೂ ಬೊಟ್ಟು ಮಾಡಿತು. ರಾತ್ರಿ ಊಟ ಮಾಡಿಸಿ, ಆಸ್ಪತ್ರೆಗೆ ಬಂದ ತಕ್ಷಣ ಗ್ಲೂಕೋಸ್ ಕೊಡಿ. ವೈರಸ್ ಹುಡುಕುತ್ತಾ ಕೂತಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ತುಂಗಾತೀರ
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಕ್ಯಾಸನೂರಿನ ಭಾಗವನ್ನೂ ಕಾಕ್ ಎಡವಿದ ಭಾಗವನ್ನೂ ಗ್ರೂಪಿಗೆ ಹಾಕಿದೆ. ಚಿಕ್ಕಪ್ಪನ ಉತ್ತರ: 'ಸರಿ, ಎಚ್‌ಐವಿಗೆ ಏನು ದಾಖಲೆ?'

ಪೆಟ್ರಿತಟ್ಟೆ
ರಕ್ತ ಹಾಕಿಸಿಕೊಂಡವರು, ಲ್ಯಾಬಿನಲ್ಲಿ ಅಕಸ್ಮಾತ್ ವೈರಸ್ ತಗುಲಿಸಿಕೊಂಡವರು ಇದ್ದಾರೆ, ಅವರಿಗೆ ಬೇರೆ ಯಾವ ಕಾರಣವನ್ನೂ ಅಂಟಿಸಲಾಗದು. ವೈರಸ್ ಅನ್ನು ತಡೆಯುವ ಮಾತ್ರೆ ತೆಗೆದುಕೊಂಡರೆ ಏಡ್ಸ್ ಬರುವುದಿಲ್ಲ. ಇದನ್ನು ನಂಬದ ಅಧ್ಯಕ್ಷರೊಬ್ಬರು ದಕ್ಷಿಣ ಆಫ್ರಿಕಾದಲ್ಲಿದ್ದರು, ಥಾಬೋ ಎಂಬೆಕಿ. ಮಾತ್ರೆ ಕೊಡಲು ತಡ ಮಾಡಿದ್ದಕ್ಕೆ 3.3 ಲಕ್ಷಕ್ಕೂ ಜಾಸ್ತಿ ಜೀವ ಹೋಯಿತು ಅಂತ 2008ರ ಒಂದು ಅಂದಾಜು. ಈ ಮಾತನ್ನು ಚಿಕ್ಕಪ್ಪನಿಗೆ ಗ್ರೂಪಿನಲ್ಲಿ ಹೇಳಬೇಡಿ, ಮನೆಗೆ ಹೋದಾಗ ಕೂತು ಹೇಳಿ.

ಗುಮಾನಿ_ಗುಂಡ
ನನ್ನ ಕಡೆಯ ಪ್ರಶ್ನೆ. ಎಲ್ಲ ಸೇರಿಸಿ ನೋಡಿದರೆ ಗಟ್ಟಿಯಾದ ಸಾಕ್ಷಿ ಅಂದರೆ ರೋಗಾಣುವನ್ನು ತೆಗೆದಾಗ ರೋಗವೂ ಹೋಗುವುದು. ಮೇಷ್ಟ್ರ ಎಪ್‌ಸ್ಟೀನ್-ಬಾರ್‌ಗೆ ಅದು ಆಗಿದೆಯಾ?

ಲೆಕ್ಕದಮೇಷ್ಟ್ರು
ಇಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಆಗಿದೆ. ಅದಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣ ಅಂತ ಹರಾಲ್ಡ್ ಸುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿದರು. 2020ರಲ್ಲಿ ಸ್ವೀಡನ್ನಿನ ಲೆಕ್ಕ ಬಂತು: 17 ವರ್ಷಕ್ಕೆ ಮೊದಲೇ ಲಸಿಕೆ ಪಡೆದ ಹುಡುಗಿಯರಲ್ಲಿ ಆ ಕ್ಯಾನ್ಸರ್ ಶೇ 88ರಷ್ಟು ಕಡಿಮೆ. ಎಪ್‌ಸ್ಟೀನ್-ಬಾರ್ ಲಸಿಕೆಗಳು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ವೈರಸ್ ತಗುಲಿ ಕಾಯಿಲೆ ಕಾಣುವ ಹೊತ್ತಿಗೆ ವರ್ಷಗಳೇ ಹಿಡಿಯುತ್ತವೆ, ಹಾಗಾಗಿ ಇವತ್ತು ಲಸಿಕೆ ಶುರುವಾದರೂ ನನ್ನ ಸರ್ವಿಸ್ ಮುಗಿಯುವುದರೊಳಗೆ ಉತ್ತರ ಬರುವುದಿಲ್ಲ.

ಗುಮಾನಿ_ಗುಂಡ
ಹಾಗಾದರೆ ಆ ಒಂದಕ್ಕೆ ನನ್ನ ಗುಮಾನಿ ಅಲ್ಲಿಯವರೆಗೆ ಕಾಯ್ದಿರಿಸಿದ್ದೇನೆ.

ಲೆಕ್ಕದಮೇಷ್ಟ್ರು
ಇರಲಿ. ಆ 35ನೇ ವ್ಯಕ್ತಿ ನನಗೂ ನಿದ್ದೆ ಕೊಡುತ್ತಿಲ್ಲ.